ಮುರಿಯಲೆಂದೇ ಇಟ್ಟ ಗೂಟ

ಅವರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ, ಅಡಿಕೆ ಧಾರಣೆಯ ಪಟ್ಟಿಯ ಕೆಳಗೆ ಬಂದಿತ್ತು. ಮೂರು ಸಾಲು, ಒಂದು ಫೋಟೋ. ‘ಗ್ರಾಮೀಣ ಯಂತ್ರ ಶೋಧಕ ನಿಧನ’ ಎಂದು ತಲೆಬರಹ. ಫೋಟೋದಲ್ಲಿ ಅವರ ಹೆಗಲ ಮೇಲೆ ಜರಿಯಂಚಿನ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ, ಮುಖದಲ್ಲಿ ಇವರು ನನ್ನನ್ನು ಯಾವಾಗ ಬಿಟ್ಟುಕಳಿಸುತ್ತಾರೋ ಎಂಬ ಅವಸರ. ಆ ಶಾಲನ್ನು ಅಂಗಡಿಯಲ್ಲಿ ಆರಿಸಿ ತಂದವನು ನಾನು. ಫೋಟೋದ ಬಲತುದಿಯಲ್ಲಿ ಯಾರದೋ ಮೊಣಕೈ ಅರ್ಧ ಕಾಣುತ್ತದೆ, ಅದೂ ನನ್ನದೇ. ಸೊರಬದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಇದನ್ನು ಓದಿದೆ. ಚಹಾ ಆರಿಹೋಯಿತು. ಹೋಟೆಲಿನವರು “ಇನ್ನೊಂದು ಬಿಸಿ ಕೊಡ್ಲಾ ಸರ್?” ಎಂದರು. ಬೇಡವೆಂದು ಎದ್ದು ಬಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಎಂದಲ್ಲ. ಆ ಹೆಸರನ್ನು ನಾವು ಒಮ್ಮೆ ತಗಡಿನ ಮೇಲೆ ಅಚ್ಚು ಹಾಕಿಸಿ ಊರೂರಿಗೆ ಕಳಿಸಿದ್ದೆವು. ಅದರಿಂದ ಅವರಿಗೆ ಆದದ್ದೇ ಸಾಕು. ನಾನು ಕೆಲಸ ಮಾಡಿದ ವಿಶ್ವವಿದ್ಯಾಲಯದ ಹೆಸರನ್ನೂ ಹೇಳುವುದಿಲ್ಲ. ಅದಕ್ಕೆ ಕಾರಣ ದೊಡ್ಡದೇನಲ್ಲ, ಅವರು ಕೊಡುವ ಪಿಂಚಣಿಯಲ್ಲಿ ಉಣ್ಣುತ್ತಿದ್ದೇನೆ.

ನಾನು ಡ್ರಾಫ್ಟ್ಸ್‌ಮನ್ ಆಗಿದ್ದವನು. ಬೇರೆಯವರು ಮಾಡಿದ ಯಂತ್ರಗಳ ನಕ್ಷೆ ಬರೆಯುವುದು ನನ್ನ ಕೆಲಸ. ನನ್ನ ಸ್ವಂತದ್ದು ಅಂತ ಒಂದು ಮೊಳೆಯನ್ನೂ ಈ ಲೋಕಕ್ಕೆ ಕೊಟ್ಟಿಲ್ಲ. ನಮ್ಮ ವಿಭಾಗದ ಪ್ರೊಫೆಸರರಿಗೆ ಒಂದು ಹುಚ್ಚಿತ್ತು, ಒಳ್ಳೆಯ ಹುಚ್ಚೇ ಅನ್ನಿ. ಹಳ್ಳಿಯ ಕಮ್ಮಾರರು, ಲೇತಿನವರು ತಮ್ಮಷ್ಟಕ್ಕೆ ಮಾಡಿಕೊಂಡ ಯಂತ್ರಗಳನ್ನು ಹುಡುಕುವುದು, ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿಸಿ ನಕ್ಷೆ ಬರೆಸುವುದು, ಆಮೇಲೆ ಯಾವುದಾದರೂ ಕಂಪನಿಗೆ ಒಪ್ಪಿಸಿ ಸಾವಿರಾರು ರೈತರಿಗೆ ತಲುಪಿಸುವುದು. ಇದಕ್ಕೆ ‘ತಂತ್ರಜ್ಞಾನ ವರ್ಗಾವಣೆ’ ಎಂದು ಹೆಸರು. ಅದಕ್ಕೊಂದು ಕೋಶ, ಕೋಶಕ್ಕೊಬ್ಬ ಮುಖ್ಯಸ್ಥರು, ಗೋಡೆಗೊಂದು ಪಟ್ಟಿ. ವರ್ಷದ ಕೊನೆಗೆ ಪಟ್ಟಿ ಉದ್ದವಾಗಿರಬೇಕು, ಇಲ್ಲದಿದ್ದರೆ ಮೇಲಿನವರು ಕೇಳುತ್ತಾರೆ.

ಶಿಕಾರಿಪುರದಲ್ಲಿ ಒಬ್ಬರು ಟ್ರ್ಯಾಕ್ಟರಿಗೆ ಹಾಕಿ ಓಡಿಸುವ ಮೆಕ್ಕೆಜೋಳ ಬಿಡಿಸುವ ಯಂತ್ರ ಮಾಡಿದ್ದಾರೆ, ಕಾಳು ಒಡೆಯುವುದಿಲ್ಲವಂತೆ, ಹೋಗಿ ಅಳತೆ ತೆಗೆದುಕೊಂಡು ಬನ್ನಿ ಎಂದು ನನ್ನನ್ನು ಕಳಿಸಿದರು. ಸೊರಬದ ಮನೆಯಿಂದ ಬೆಳಗಿನ ಬಸ್ಸು ಹಿಡಿದರೆ ಆಯಿತಲ್ಲ ಎಂದು ನಾನೂ ಖುಷಿಯಿಂದ ಹೊರಟೆ.

ಊರ ಹೊರಗೆ ರಸ್ತೆಬದಿಯ ತಗಡಿನ ಶೆಡ್ಡು. ಒಂದು ಹಳೆಯ ಲೇತು, ವೆಲ್ಡಿಂಗ್ ಸೆಟ್ಟು, ಮೂಲೆಯಲ್ಲಿ ಸವೆದ ನೇಗಿಲ ಗುಳಗಳ ರಾಶಿ. ಒಳಗೆ ಕಾಲಿಟ್ಟವನೇ ನಾನು ಯಾರು, ಎಲ್ಲಿಂದ ಬಂದೆ ಎಂದು ಹೇಳಲು ಶುರು ಮಾಡಿದೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಹತ್ತಿರ ಬಂದು, ಎಣ್ಣೆಯ ಬೆರಳು ತಾಗದಂತೆ ಜಾಗ್ರತೆಯಿಂದ, ನನ್ನ ತುಂಬುತೋಳಿನ ಅಂಗಿಯನ್ನು ಎರಡೂ ಕಡೆ ಮೊಣಕೈವರೆಗೆ ಮಡಚಿದರು. ವಾಚು ಬಿಚ್ಚಿಸಿದರು. ಆಮೇಲೆ, “ಹಾಂ, ಈಗ ಹೇಳ್ರಿ, ಯಾವೂರು?” ಎಂದರು. ಶೆಡ್ಡಿಗೆ ಬರುವ ಎಲ್ಲರಿಗೂ ಇದೇ ಮರ್ಯಾದೆ ಎಂದು ಆಮೇಲೆ ಗೊತ್ತಾಯಿತು.

ಐವತ್ತೈದರ ಆಸುಪಾಸು, ಸಣಕಲು ಮೈ. ವೆಲ್ಡಿಂಗ್ ಕನ್ನಡಕ ಸದಾ ಹಣೆಯ ಮೇಲೆ. ಕುರ್ಚಿ ಇದ್ದರೂ ಕೂರುತ್ತಿರಲಿಲ್ಲ, ಮಾತಾಡುವುದಿದ್ದರೆ ಕುಕ್ಕರುಗಾಲಲ್ಲಿ. ಅಳತೆಯ ವಿಷಯದಲ್ಲಿ ನನ್ನನ್ನು ಅವರು ಕಾಡಿದಷ್ಟು ಇನ್ಯಾರೂ ಕಾಡಿಲ್ಲ. “ಇಲ್ಲಿಂದ ಇಲ್ಲಿಗೆ ಎಷ್ಟು ಯಜಮಾನ್ರೆ?” ಎಂದರೆ ಗೋಡೆಗೆ ನೇತುಹಾಕಿದ ದಾರವೊಂದನ್ನು ತಂದು, ಅದರ ಎರಡು ಗಂಟುಗಳ ನಡುವೆ ಹಿಡಿದು “ಇಷ್ಟು” ಎನ್ನುತ್ತಿದ್ದರು. ನಾನು ಟೇಪು ಹಿಡಿದು ನೋಡಿದರೆ ಒಂದು ಯಂತ್ರದಲ್ಲಿ ಒಂದು ಅಳತೆ, ಪಕ್ಕದ್ದರಲ್ಲಿ ಮೂರು ಮಿಲಿಮೀಟರು ಕಡಿಮೆ. ಯಾವುದು ಸರಿ ಎಂದು ಕೇಳಿದೆ.

“ಎರಡೂ ಓಡ್ತಾವಲ್ರಿ ಸರ?”

“ಓಡ್ತಾವೆ. ಆದ್ರೆ ನಾನು ಕಾಗದದ ಮೇಲೆ ಯಾವುದನ್ನ ಬರೀಲಿ?”

“ಅದು ನಿಮ್ಮ ಕಷ್ಟ. ನನಗ ಕಾಗದದ ಮ್ಯಾಲ ಜೋಳ ಬಿಡ್ಸೋದಿಲ್ಲಲ್ರಿ.” ಹೇಳಿ ತಾವೇ ನಕ್ಕರು. ನಗುವಾಗ ಕೆಮ್ಮು ಬರುತ್ತಿತ್ತು.

ನನ್ನ ಅಳತೆ ಮುಗಿಯುವ ಹೊತ್ತಿಗೆ ಒಂದು ದಿನ ಅಂಬ್ಲಿಗೊಳದ ಕಡೆಯ ಒಬ್ಬ ರೈತರು ತಮ್ಮ ಯಂತ್ರ ಒಯ್ಯಲು ಟ್ರ್ಯಾಕ್ಟರ್ ತಂದರು. ಎಲ್ಲ ಜೋಡಿಸಿ, ಓಡಿಸಿ ತೋರಿಸಿದ ಮೇಲೆ ಇವರು ಹಳೆಯ ಗೋಣಿಚೀಲವೊಂದನ್ನು ಆ ರೈತರ ಕೈಗೆ ಕೊಟ್ಟು “ಒಳಗ ಬಿಡ್ರಿ” ಎಂದರು. ರೈತರು ಹಿಂಜರಿದರು. ಹೊಸ ಯಂತ್ರ, ಯಾರು ಗೋಣಿ ಹಾಕುತ್ತಾರೆ? “ಬಿಡ್ರಿ ಅಂದ್ನೆಲ್ಲ. ಇಲ್ಲಾಂದ್ರ ಮಷೀನು ಇಲ್ಲೇ ಇರತೈತಿ.” ಚೀಲ ಒಳಗೆ ಹೋಯಿತು. ತಿರುಗುವ ಡ್ರಮ್ಮು ಅದನ್ನು ಕಸಿದುಕೊಂಡ ರೀತಿ ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಒಂದು ಸುತ್ತು, ಎರಡು ಸುತ್ತು, ಆಮೇಲೆ ಟಕ್ಕೆಂಬ ಸದ್ದು. ಟ್ರ್ಯಾಕ್ಟರ್ ಓಡುತ್ತಲೇ ಇತ್ತು, ಡ್ರಮ್ಮು ನಿಂತಿತ್ತು.

ಟ್ರ್ಯಾಕ್ಟರಿನಿಂದ ಶಕ್ತಿ ಬರುವ ಜಾಗದಲ್ಲಿ ಎರಡು ಕಬ್ಬಿಣದ ಬಿಲ್ಲೆಗಳು ಎದುರುಬದುರಾಗಿದ್ದವು. ಅವೆರಡನ್ನೂ ಹಿಡಿದಿಟ್ಟದ್ದು ಹೆಬ್ಬೆರಳು ಗಾತ್ರದ ಒಂದು ಮರದ ಗೂಟ. ಡ್ರಮ್ಮಿನಲ್ಲಿ ಏನಾದರೂ ಸಿಕ್ಕಿಕೊಂಡು ಭಾರ ಬಿದ್ದರೆ ಗೂಟ ಮುರಿಯುತ್ತದೆ, ಡ್ರಮ್ಮು ಅಲ್ಲೇ ನಿಲ್ಲುತ್ತದೆ. ಇವರು ಮುರಿದ ತುಂಡು ಕೆಡವಿ, ಹೊಸ ಗೂಟ ಬಡಿದು, ಇನ್ನೊಂದು ಹಿಡಿ ಗೂಟಗಳನ್ನು ಚೀಲದಲ್ಲಿ ಹಾಕಿ ಕೊಟ್ಟರು. ಗೂಟ ಮುರಿದದ್ದನ್ನು ಕಣ್ಣಾರೆ ನೋಡದೆ ಅವರ ಶೆಡ್ಡಿನಿಂದ ಯಾರೂ ಯಂತ್ರ ಒಯ್ಯುವಂತಿರಲಿಲ್ಲ.

“ಮರ ಯಾಕೆ? ಕಬ್ಬಿಣದ್ದೇ ಹಾಕಬಹುದಲ್ಲ?” ಎಂದು ಕೇಳಿದೆ.

ಅವರು ಕುಕ್ಕರುಗಾಲಲ್ಲಿ ಕೂತರು. “ಬಿದಿರು ಹಾಕಿ ನೋಡಿದೆ, ಬಾಗತೈತಿ, ಮುರಿಯಂಗಿಲ್ಲ. ಜಾಲಿ ಭಾರೀ ಹಟಮಾರಿ. ಸಾಗವಾನಿ ಹೇಳಿದ ಮಾತು ಕೇಳತೈತಿ. ಕಬ್ಬಿಣ ಕೇಳಂಗಿಲ್ರಿ.” “ನಮ್ಮ ಅಣ್ಣನ ಟವೆಲ್ಲು ಒಂದ್ಸಲ ಮಷೀನಿಗೆ ಸಿಕ್ಕಿತ್ತು” ಎಂದರು. ಎದ್ದು ಹೋಗುವಾಗ ಅವರು ಹೇಳಿದ ಮಾತು ನನ್ನ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಇದೆ. “ಮಷೀನಿಗೆ ಸೋಲೋದು ಕಲಿಸಬೇಕ್ರಿ ಸರ. ಗೆಲ್ಲೋದು ಯಾರು ಬೇಕಾದ್ರೂ ಕಲಿಸ್ತಾರ.” ಆ ಪುಟದ ಕೆಳಗೆ, ಗೂಟದ ಚಿತ್ರದ ಪಕ್ಕ, ನಾನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ: ಮರದ್ದು. ಭಾರ ಬಿದ್ದರೆ ಮುರಿಯಲೇಬೇಕು. ಬದಲಿಸಬಾರದು.

ವಿಶ್ವವಿದ್ಯಾಲಯದ ಪರೀಕ್ಷೆಯ ದಿನ ಯಂತ್ರವನ್ನು ಲಾರಿಯಲ್ಲಿ ತರಿಸಿದೆವು. ತೆನೆ ಸರಿಯಾಗಿ ಒಣಗಿರಲಿಲ್ಲ. ಬೆಳಗಿನಿಂದ ಊಟದ ಹೊತ್ತಿಗೆ ಗೂಟ ಮೂರು ಸಲ ಮುರಿಯಿತು. ಪ್ರತಿ ಸಲವೂ ಇವರ ಮುಖದಲ್ಲಿ ಮಗು ಪಾಠ ಒಪ್ಪಿಸಿದಾಗ ಮೇಷ್ಟ್ರಿಗೆ ಆಗುವಂಥ ಸಂತೋಷ. ಸಮಿತಿಯವರ ಬಳಿ ಒಂದು ಅಚ್ಚಾದ ಫಾರಂ ಇತ್ತು. ಅದರಲ್ಲಿ ‘ಕೆಲಸದ ನಡುವೆ ನಿಂತ ಸಲಗಳು’ ಎಂಬ ಕಲಂ. ಒಬ್ಬರು ಮೂರು ಎಂದು ಬರೆದು ತಲೆ ಆಡಿಸಿದರು. ಇದೊಂದು ದೋಷ ಎಂದರು.

“ದೋಷ ಅಲ್ರಿ ಸರ. ಅದು ಮುರೀಬೇಕು” ಎಂದರು ಇವರು.

ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಪ್ರೊಫೆಸರರಿಗೆ ವಿಷಯ ಅರ್ಥವಾಗಿತ್ತು, ಅವರು ದಡ್ಡರಲ್ಲ. ಸಂಜೆ ನನ್ನ ಕೋಣೆಗೆ ಬಂದು, “ಆ ಮರದ ಪಿನ್ನಿನ ವಿವರ ಸರಿಯಾಗಿ ಬರೀರಿ” ಎಂದು ಹೇಳಿ ಹೋದರು. ಅಷ್ಟೇ ಹೇಳಿದ್ದು. ಉಳಿದದ್ದು ನನ್ನ ಕೈಯಲ್ಲಿತ್ತು.

ಇಲ್ಲಿಂದ ಮುಂದೆ ಬರೆಯುವುದು ನನಗೆ ಕಷ್ಟ. ಆದರೂ ಬರೆಯುತ್ತೇನೆ, ಯಾಕೆಂದರೆ ಇಷ್ಟು ದಿನ ಬರೆಯದೇ ಇದ್ದದ್ದರಿಂದಲೇ ಎಲ್ಲ ಕೆಟ್ಟಿತು. ಕಂಪ್ಯೂಟರಿನಲ್ಲಿ ಕೊನೆಯ ನಕ್ಷೆ ಬರೆಯುವಾಗ ಪ್ರತಿ ಬಿಡಿಭಾಗಕ್ಕೂ ಸಾಮಗ್ರಿ ಯಾವುದು, ಯಾವ ದರ್ಜೆಯದು ಎಂದು ತುಂಬಿಸಬೇಕಾಗುತ್ತದೆ. ಕಬ್ಬಿಣಕ್ಕೆ ದರ್ಜೆ ಇದೆ. ಸಾಗವಾನಿ ಗೂಟಕ್ಕೆ ಯಾವ ದರ್ಜೆ ಬರೆಯಲಿ? ದೊಡ್ಡ ಊರಿನ ಕಂಪನಿಯ ಎಂಜಿನಿಯರುಗಳು ಈ ಹಾಳೆ ನೋಡುತ್ತಾರೆ. ಟ್ರ್ಯಾಕ್ಟರಿನ ಯಂತ್ರಕ್ಕೆ ಮರದ ಗೂಟ ಬರೆದಿದ್ದಾನಲ್ಲ, ಯಾವ ಹಳ್ಳಿಯವನಪ್ಪಾ ಇವನು ಎಂದು ನಗುತ್ತಾರೆ ಅನಿಸಿತು. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು. ಒಪ್ಪಂದದ ಸಮಾರಂಭಕ್ಕೆ ಎರಡೇ ದಿನ ಉಳಿದಿತ್ತು, ವರ್ಗಾವಣೆ ಕೋಶದವರು ಹಾಳೆಗಾಗಿ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ‘ಬೋಲ್ಟು, ಉಕ್ಕು’ ಎಂದು ಬರೆದೆ. ಮುರಿಯಲೇಬೇಕು ಎಂಬ ಟಿಪ್ಪಣಿಯನ್ನು ಅಳಿಸಿದೆ. ಉಕ್ಕು ಎಂದು ಬರೆದು ಕೆಳಗೆ ಮುರಿಯಲೇಬೇಕು ಎಂದು ಬರೆದರೆ ಹಾಳೆ ಹುಚ್ಚುಚ್ಚಾಗಿ ಕಾಣುತ್ತಿತ್ತು. ಪ್ರೊಫೆಸರರು ಇಪ್ಪತ್ತು ಹಾಳೆಗಳಿಗೆ ಒಟ್ಟಿಗೆ ಸಹಿ ಹಾಕಿದರು.

ಒಪ್ಪಂದದ ದಿನ ಶಿಕಾರಿಪುರದ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅದರ ತೋಳು ಮಡಚಿಕೊಂಡು ಬಂದರು. ಮುಖ್ಯ ಅತಿಥಿಗಳು ಅವರ ಯಂತ್ರಕ್ಕೆ ಚಾಲನೆ ಕೊಡಬೇಕಿತ್ತು. ಅತಿಥಿಗಳ ಕೊರಳಲ್ಲಿ ಮೊಣಕಾಲಿನವರೆಗೆ ಬರುವ ಸುಗಂಧರಾಜದ ಹಾರ, ತಲೆಗೆ ಪೇಟ. ಇವರು ಅಡ್ಡ ನಿಂತರು. “ಹಾರ ತೆಗೀರಿ.” ವೇದಿಕೆಯ ಮೇಲಿದ್ದವರೆಲ್ಲ ಗಾಬರಿ. ಫೋಟೋದವರು ಹಾರ ಇರಲಿ ಎಂದರು. “ಹಾರ ಇದ್ರ ಮಷೀನು ಇಲ್ಲ” ಎಂದರು ಇವರು. ಕೊನೆಗೆ ಅತಿಥಿಗಳು ಹಾರ, ಪೇಟ, ಶಾಲು ಎಲ್ಲ ಬಿಚ್ಚಿ, ಯಂತ್ರ ಓಡಿದ ಮೇಲೆ ಮತ್ತೆ ತೊಟ್ಟುಕೊಂಡು ಫೋಟೋ ತೆಗೆಸಿಕೊಂಡರು. ನಾವೆಲ್ಲ ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಹಿ ಹಾಕುವ ಮುಂಚೆ ಯಜಮಾನರು ಆ ಇಂಗ್ಲಿಷ್ ಕಾಗದದ ಕಟ್ಟನ್ನು ಒಂದೊಂದೇ ಹಾಳೆ ತಿರುವಿದರು. ಏನು ಓದಿದರೋ ಗೊತ್ತಿಲ್ಲ. ರಾಯಧನದ ಬಗ್ಗೆ ಕೇಳಲಿಲ್ಲ, ಹಕ್ಕು ಯಾರದು ಎಂದು ಕೇಳಲಿಲ್ಲ. ಪಕ್ಕದಲ್ಲಿ ಪೆನ್ನು ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದರು.

“ಇದ್ರಾಗ ಗೂಟದ್ದು ಬರ್ದೈತೇನ್ರಿ?”

“ಇದೆ ಯಜಮಾನ್ರೆ, ಎಲ್ಲ ಇದೆ” ಎಂದೆ.

ಅವರು ಕನ್ನಡದಲ್ಲಿ, ಒಂದೊಂದೇ ಅಕ್ಷರ ಒತ್ತಿ ಸಹಿ ಮಾಡಿದರು. ಸಹಿಯ ಮೇಲೆ ಊದಿ ಆರಿಸಿದರು. ಬಾಲ್‌ಪೆನ್ನಿನ ಸಹಿ, ಆರಿಸುವುದೇನೂ ಬೇಕಿರಲಿಲ್ಲ.

ಮರುವರ್ಷ ಯಂತ್ರಗಳು ಬಂದವು. ಹಸಿರು ಬಣ್ಣ, ಹೊಳೆಯುವ ಮೈ, ಮೇಲೆ ವಿಶ್ವವಿದ್ಯಾಲಯದ ಲಾಂಛನ, ಅದರ ಕೆಳಗೆ ‘ಮೂಲ ಶೋಧಕರು’ ಎಂದು ಇವರ ಹೆಸರು. ಪಹಣಿ ಕೊಟ್ಟು ಅರ್ಜಿ ಹಾಕಿದವರಿಗೆ ಸಬ್ಸಿಡಿಯಲ್ಲಿ ಸಿಗುತ್ತಿತ್ತು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹಳ್ಳಿಗಳಿಗೆ ಹೋದವು. ಜನ ಮೆಚ್ಚಿಕೊಂಡರು. ನಡುವೆ ನಿಲ್ಲುವುದೇ ಇಲ್ಲ, ಹಾಕಿದ್ದನ್ನೆಲ್ಲ ಎಳೆದುಕೊಳ್ಳುತ್ತದೆ ಎಂದು ಹೊಗಳಿದರು. ನಮ್ಮ ಗೋಡೆಯ ಪಟ್ಟಿಯಲ್ಲಿ ಆ ವರ್ಷದ ಮೊದಲ ಸಾಲು ಇದೇ.

ಹೊಸಬಾಳೆಯ ಒಂದು ಮನೆಯವರು, ಬೇಸಾಯದ ಜೊತೆಗೆ ಕುರಿ ಸಾಕಿಕೊಂಡಿದ್ದವರು, ಇಂಥದ್ದೊಂದು ಯಂತ್ರ ತೆಗೆದುಕೊಂಡಿದ್ದರು. ತೆನೆ ಹಾಕುತ್ತಿದ್ದ ಮನೆಯಾಕೆಯ ಸೆರಗು ಡ್ರಮ್ಮಿಗೆ ಸಿಕ್ಕಿತು. ಸೆರಗಿನ ಹಿಂದೆ ಬಲಗೈ ಹೋಯಿತು. ಡ್ರಮ್ಮು ನಿಲ್ಲಲಿಲ್ಲ. ಯಾರೋ ಓಡಿಹೋಗಿ ಟ್ರ್ಯಾಕ್ಟರ್ ಬಂದ್ ಮಾಡುವಷ್ಟರಲ್ಲಿ ನಾಲ್ಕು ಬೆರಳು ಹೋಗಿದ್ದವು.

ಸುದ್ದಿ ಬಂದ ಎರಡನೇ ದಿನ ಅವರು ಶೆಡ್ಡಿನ ಬಟ್ಟೆಯಲ್ಲೇ ನಮ್ಮ ವಿಭಾಗಕ್ಕೆ ಬಂದರು. ಕರವಸ್ತ್ರ ಬಿಚ್ಚಿ ಒಂದು ಬೋಲ್ಟನ್ನು ನನ್ನ ಮೇಜಿನ ಮೇಲೆ ಇಟ್ಟರು. ಹೊಸಬಾಳೆಯ ಯಂತ್ರದಿಂದಲೇ ಬಿಚ್ಚಿ ತಂದದ್ದು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

“ಇದು ಯಾರ ಬುದ್ಧಿ ರೀ?”

“ಕಂಪನಿಯವರು ಬದಲಿಸಿರಬೇಕು” ಎಂದೆ. ನನ್ನ ನಿವೃತ್ತಿಗೆ ಒಂದೂವರೆ ವರ್ಷವಿತ್ತು. ವಿಚಾರಣೆ ಎಂಬ ಶಬ್ದ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

“ನಕ್ಷೆ ತೋರಿಸ್ರಿ. ನಿಮ್ಮ ನಕ್ಷೆಯಾಗ ಗೂಟ ಇದ್ರ ಅವರನ್ನ ಕೇಳೋಣು.”

ನಕ್ಷೆ ತೋರಿಸುವಂತಿರಲಿಲ್ಲ. ಇದೊಂದು ಸುಳ್ಳಲ್ಲ, ಒಪ್ಪಂದದ ಪ್ರಕಾರ ನಕ್ಷೆ ಈಗ ಗೋಪ್ಯ, ಕಂಪನಿಯ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡುವಂತಿಲ್ಲ. ಅವರ ಯಂತ್ರದ ನಕ್ಷೆಯನ್ನು ಅವರಿಗೇ ತೋರಿಸಲು ಬರುವುದಿಲ್ಲ ಎಂದು ನಾನು ಹೇಳಿದೆ. ಆ ನಿಯಮದ ಹಿಂದೆ ಅವಿತುಕೊಳ್ಳಲು ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವರು ಜಗಳ ಮಾಡಲಿಲ್ಲ. “ಆತು ಬಿಡ್ರಿ. ಒಂದು ಕಾಗದ ಬರ್ಕೊಡ್ರಿ. ಎಲ್ಲಾ ಮಷೀನಿಂದೂ ಈ ಬೋಲ್ಟು ತೆಗ್ದು ಗೂಟ ಹಾಕ್ಬೇಕು ಅಂತ. ನಿಮ್ಮ ಸೀಲಿದ್ರ ಜನ ಕೇಳ್ತಾರ. ಇನ್ನೊಂದು ಕೈ ಹೋಗಬಾರದ್ರಿ” ಎಂದರು.

ಕಾಗದ ಬರೆದೆ. ಪ್ರೊಫೆಸರರು ಅದನ್ನು ವರ್ಗಾವಣೆ ಕೋಶಕ್ಕೆ ಕಳಿಸಿದರು. ಕೋಶ ಕಾನೂನು ವಿಭಾಗಕ್ಕೆ, ಕಾನೂನು ವಿಭಾಗ ಕಂಪನಿಗೆ. ಕಂಪನಿ ಉತ್ತರ ಬರೆಯಿತು: ನಾವು ನೀವು ಕೊಟ್ಟ ನಕ್ಷೆಯಂತೆಯೇ ಮಾಡಿದ್ದೇವೆ, ಮರದ ಗೂಟದ ಪ್ರಸ್ತಾಪ ಎಲ್ಲಿಯೂ ಇಲ್ಲ. ಕಡತ ಅಲ್ಲಿಗೆ ನಿಂತಿತು. ಅದನ್ನು ಮುಂದೆ ಸರಿಸಬೇಕಾದರೆ ಒಬ್ಬ ಮನುಷ್ಯ ಎದ್ದುನಿಂತು, ಆ ಟಿಪ್ಪಣಿ ಇತ್ತು, ಅಳಿಸಿದ್ದು ನಾನು ಎಂದು ಹೇಳಬೇಕಿತ್ತು. ಆ ಮನುಷ್ಯ ದಿನಾ ಬೆಳಿಗ್ಗೆ ಬಂದು ಹಾಜರಿ ಹಾಕಿ ಸುಮ್ಮನೆ ಕೂರುತ್ತಿದ್ದ.

ಅವರು ಕಾಯಲಿಲ್ಲ. ತಮ್ಮ ಲೇತಿನ ಕೆಲಸ ಬಿಟ್ಟು, ಹಳೆಯ ಮೊಪೆಡ್ಡಿನ ಮುಂದೆ ಸಾಗವಾನಿ ಗೂಟಗಳ ಚೀಲ ಇಟ್ಟುಕೊಂಡು ಊರೂರು ತಿರುಗತೊಡಗಿದರು. ಹಸಿರು ಯಂತ್ರ ಎಲ್ಲಿದೆ ಎಂದು ಕೇಳಿಕೊಂಡು ಹೋಗಿ ಬೋಲ್ಟು ಬಿಚ್ಚಿ ಗೂಟ ಹಾಕುವುದು. ನನಗೆ ತಡೆಯಲಾರದೆ ಒಂದು ಭಾನುವಾರ ನಾನೂ ಬರುತ್ತೇನೆ ಎಂದೆ. ಬರಬೇಡಿ ಎನ್ನಲಿಲ್ಲ. ನಾನು ತೋಳು ಮಡಚಿದ್ದೇನೆಯೋ ಇಲ್ಲವೋ ನೋಡಿ, ಹಿಂದೆ ಕೂರಿಸಿಕೊಂಡರು.

ಅಂಬ್ಲಿಗೊಳದ ಕಾಲುವೆ ನೀರು ಹರಿಯುವ ಒಂದು ಹಳ್ಳಿ. ಯಂತ್ರದ ಯಜಮಾನರು ಜಗಲಿಯಿಂದ ಇಳಿಯಲೇ ಇಲ್ಲ. “ಗಟ್ಟಿ ಬೋಲ್ಟು ತೆಗ್ದು ಕಡ್ಡಿ ಹಾಕ್ತಾನಂತೆ, ನೋಡ್ರೋ” ಎಂದು ಮನೆಯವರಿಗೆಲ್ಲ ಕೂಗಿ ಹೇಳಿದರು. ಯಂತ್ರ ಮುಟ್ಟಿದರೆ ಗ್ಯಾರಂಟಿ ಹೋಗುತ್ತದೆ ಎಂದರು. ವಿಶ್ವವಿದ್ಯಾಲಯದವರು ಮುದ್ರೆ ಹಾಕಿ ಕೊಟ್ಟದ್ದು, ಅವರಿಗಿಂತ ನಿನಗೆ ಗೊತ್ತೋ ಎಂದರು. ವಿಶ್ವವಿದ್ಯಾಲಯದವನು ನಾನು ಅಲ್ಲೇ, ಮೊಪೆಡ್ಡಿನ ಪಕ್ಕ ನಿಂತಿದ್ದೆ.

ಇವರು ಕೈಮುಗಿದರು. “ತಪ್ಪು ನಂದ್ರಿ. ತಗಡಿನ ಮ್ಯಾಲ ಹೆಸರು ಐತಿ ನೋಡ್ರಿ, ಅವನು ನಾನೇ. ಮಾಡೋವಾಗ ತಪ್ಪು ಮಾಡೀನಿ. ಹೊಸಬಾಳೆಯಾಗ ಒಬ್ಬ ಹೆಣ್ಮಗಳ ಕೈ ಹೋತು, ನನ್ನಿಂದಾನ ಹೋತು. ಸರಿಮಾಡಾಕ ಬಿಡ್ರಿ.”

ಜಗಲಿಯಿಂದ ಬೈಗುಳ ಸುರಿಯಿತು. ನಮ್ಮ ಮನೆ ಹೆಂಗಸರ ಕೈ ಹೋಗಿದ್ರೆ ಏನ್ ಮಾಡ್ತಿದ್ದೆ, ಹೆಸರು ಬೇರೆ ಹಾಕ್ಕೊಂಡೀಯಾ, ನಾಚಿಕೆ ಆಗಲ್ವಾ. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈದು ಸುಸ್ತಾದ ಮೇಲೆ ಆ ಯಜಮಾನರೇ “ತೆಗಿ, ತೆಗಿ, ಬೇಗ ತೆಗಿ” ಎಂದರು. ಇವರು ಬೋಲ್ಟು ತೆಗೆದು, ಗೂಟ ಬಡಿದು, ಗೋಣಿಚೀಲ ತರಿಸಿ ಹಾಕಿಸಿ, ಮುರಿದದ್ದನ್ನು ತೋರಿಸಿ, ಹೊಸದು ಬಡಿದು ಹೊರಟರು.

ದಾರಿಯಲ್ಲಿ ಮೊಪೆಡ್ ನಿಲ್ಲಿಸಲು ಹೇಳಿದೆ. “ಯಜಮಾನ್ರೆ, ನಿಮ್ಮ ತಪ್ಪು ಅಂತ ಯಾಕೆ ಹೇಳಿದ್ರಿ?”

“ಮತ್ತೇನು ಹೇಳ್ಲಿ? ಯೂನಿವರ್ಸಿಟಿ ತಪ್ಪು ಅಂದ್ರ ಯೂನಿವರ್ಸಿಟಿಯೋರೇ ಬರ್ಲಿ ಅಂತಾರ. ಕಂಪನಿ ತಪ್ಪು ಅಂದ್ರ ಕಂಪನಿಯೋರು ಬರ್ಲಿ ಅಂತಾರ. ಅವ್ರು ಬರೋತನಕ ಬೋಲ್ಟು ಅಲ್ಲೇ ಇರತೈತಿ. ನನ್ನ ತಪ್ಪು ಅಂದ್ರ ಬೈತಾರ. ಬೈದು ತೆಗಿಸ್ತಾರ.” ಕಾಲುವೆಯಲ್ಲಿ ಕೈ ತೊಳೆದು ಬಂದು ಮತ್ತೆ ಹೇಳಿದರು, “ಅಲ್ದ, ಪೂರಾ ಸುಳ್ಳೂ ಅಲ್ರಿ. ನನ್ನ ಶೆಡ್ಡಿಂದ ಹೋದ ಒಂದು ಮಷೀನೂ ಗೋಣಿ ಹಾಕದ ಹೋಗಿಲ್ಲ. ಕಂಪನಿ ಮಷೀನಿಗೆ ನಾ ಗೋಣಿ ಹಾಕಿ ನೋಡ್ಲಿಲ್ಲ. ನೀವು ಬರ್ದೈತಿ ಅಂದ್ರಿ, ಸುಮ್ಮನಾದೆ.”

ನನ್ನ ಮುಖವನ್ನು ಅವರು ನೋಡಲಿಲ್ಲ. ಆಗಲೇ ಅವರಿಗೆ ಗೊತ್ತಿತ್ತು ಅಂತ ನನಗೆ ಖಾತ್ರಿ. ಬಾಯಿ ಬಿಟ್ಟು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಇನ್ನೆಲ್ಲಿ ಸಿಗುತ್ತಿತ್ತು? ಹೇಳಲಿಲ್ಲ. ಮೊಪೆಡ್ ಹತ್ತಿ ಕೂತೆ.

ಕಂಪನಿಯಿಂದ ಅವರಿಗೆ ನೋಟೀಸು ಬಂತು: ಅನುಮತಿ ಇಲ್ಲದೆ ನಮ್ಮ ಯಂತ್ರಗಳನ್ನು ತಿದ್ದುತ್ತಿದ್ದೀರಿ, ಒಪ್ಪಂದದ ಉಲ್ಲಂಘನೆ, ಕ್ರಮ ಕೈಗೊಳ್ಳಲಾಗುವುದು. ಅದನ್ನು ಅವರು ನನಗೆ ಓದಿ ಹೇಳಲು ಕೊಟ್ಟರು. ಓದಿ ಹೇಳಿದೆ. “ನಮ್ಮ ಯಂತ್ರ ಅಂತ ಬರ್ದಾರೇನ್ರಿ?” ಎಂದು ಒಮ್ಮೆ ಕೇಳಿ, ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಮರುದಿನ ಮತ್ತೆ ಹೊರಟಿದ್ದರಂತೆ. ಇತ್ತ ಶೆಡ್ಡಿಗೆ ಗಿರಾಕಿಗಳು ಬರುವುದು ಕಡಿಮೆಯಾಯಿತು. ಕೈ ಕಡಿಯುವ ಮಷೀನು ಮಾಡಿದವ ಎಂದು ಸಂತೆಯಲ್ಲಿ ಬೆರಳು ಮಾಡಿ ತೋರಿಸುತ್ತಿದ್ದರು ಎಂದು ಅವರ ಹೆಂಡತಿ ಆಮೇಲೆ ಹೇಳಿದರು. ಎಲ್ಲ ಯಂತ್ರಗಳಿಗೂ ಗೂಟ ಹಾಕಿ ಮುಗಿಸುವಷ್ಟರಲ್ಲಿ ನಾನು ನಿವೃತ್ತನಾದೆ. ನನಗೂ ಒಂದು ಶಾಲು ಹೊದಿಸಿದರು. ಅದಾಗಿ ಕೆಲವೇ ತಿಂಗಳಲ್ಲಿ, ಲೇತಿನ ಮುಂದೆ ನಿಂತಿದ್ದ ಅವರು ಎದೆ ಹಿಡಿದುಕೊಂಡು ಕುಸಿದರಂತೆ.

ಪತ್ರಿಕೆ ಓದಿದ ಆ ವಾರವೇ ನಾನು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ಟಿಪ್ಪಣಿ ಇತ್ತು, ಅಳಿಸಿದ್ದು ನಾನು, ಅವರದ್ದು ಯಾವ ತಪ್ಪೂ ಇಲ್ಲ ಎಂದು ಬರೆದು, ನೋಟ್‌ಬುಕ್ಕಿನ ಆ ಪುಟದ ನಕಲು ಲಗತ್ತಿಸಿದೆ. ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂದಿದೆ. ಸತ್ತವರ ಪರವಾಗಿ ಧೈರ್ಯ ಮಾಡುವುದು ಎಷ್ಟು ಸುಲಭ ಎಂದು ಅಂಚೆ ಕಚೇರಿಯ ಮೆಟ್ಟಿಲು ಇಳಿಯುವಾಗ ಅನಿಸಿತು. ಅಷ್ಟಕ್ಕೇ ಬಿಡಲು ಮನಸ್ಸು ಒಪ್ಪಲಿಲ್ಲ. ಹೊಸಬಾಳೆಯ ಆ ಮನೆಗೆ ಹೋಗಿ, ನಿಮ್ಮ ಕೈ ತೆಗೆದವನು ಅವರಲ್ಲ, ನಾನು ಎಂದು ಹೇಳಬೇಕು ಎಂದು ಬಸ್ಸು ಹತ್ತಿದೆ.

ಆಕೆ ಅಂಗಳದಲ್ಲಿ ಕೂತು ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಎಡಗೈಯಲ್ಲಿ ಹಗ್ಗ ಸುತ್ತಿ, ಹಲ್ಲಿನಲ್ಲಿ ಎಳೆದು ಬಿಗಿಯುತ್ತಿದ್ದರು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ನಲವತ್ತು ದಾಟಿರಲಿಕ್ಕಿಲ್ಲ. ನಾನು ಯೂನಿವರ್ಸಿಟಿಯಲ್ಲಿದ್ದವನು ಎಂದೆ.

“ಪರಿಹಾರದ ವಿಚಾರವಾ?”

“ಅಲ್ಲಮ್ಮ.”

ನಿಂತುಕೊಂಡೇ ಎಲ್ಲ ಹೇಳಿದೆ. ಗೂಟದ್ದು, ನಕ್ಷೆಯದ್ದು, ನಾಚಿಕೆಯಾಗಿ ಅಳಿಸಿದ್ದು, ಕೇಳಿದಾಗ ಸುಳ್ಳು ಹೇಳಿದ್ದು. ಆಕೆ ಕಟ್ಟುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ಮುಗಿದ ಮೇಲೆ ಹಗ್ಗ ಕೆಳಗಿಟ್ಟರು.

“ಮತ್ತೆ ಅವರು ಬಂದಾಗ ತನ್ನದೇ ತಪ್ಪು ಅಂದ್ರಲ್ಲ?”

“ಹಾಗೆ ಹೇಳದಿದ್ರೆ ಯಾರೂ ಬೋಲ್ಟು ತೆಗೆಯಕ್ಕೆ ಬಿಡ್ತಿರಲಿಲ್ಲ ಅಂತ ಹೇಳ್ತಿದ್ರು. ಅವರದ್ದು ತಪ್ಪೇ ಇರಲಿಲ್ಲ.”

ಮರಿಯೊಂದು ಬಂದು ಸೊಪ್ಪಿಗೆ ಬಾಯಿ ಹಾಕಿತು, ಆಕೆ ಓಡಿಸಲಿಲ್ಲ.

“ಇಲ್ಲೇ, ನೀವು ನಿಂತಲ್ಲೇ ನಿಂತಿದ್ರು. ನಾನು ಆಸ್ಪತ್ರೆಯಿಂದ ಬಂದು ನಾಲ್ಕು ದಿನ ಆಗಿತ್ತು. ಬಾಯಿಗೆ ಬಂದಂಗೆ ಅಂದೆ. ನಿನ್ನ ಮನೆ ಹಾಳಾಗ ಅಂದೆ. ನಾನು ಉಣ್ಣೋ ಕೈ ತೆಗ್ದೆ, ನಿನ್ನ ಎದೆ ಒಡೆದು ಸಾಯಿ ಅಂದೆ. ಮಣ್ಣು ಹಿಡಿದು ತೂರಿದೆ, ಈ ಎಡಗೈಲೇ. ಮುಖ ಒರೆಸ್ಕಳ್ಳಲೂ ಇಲ್ಲ ಅವರು. ಬೋಲ್ಟು ಮೊದಲೇ ತಗಂಡು ಹೋಗಿದ್ರು, ಆ ಕಟ್ಟಿಗೆ ಗೂಟ ಕೂರಿಸಿ ಹೋದ್ರು.” ಆಕೆಯ ಧ್ವನಿ ಕುಗ್ಗಿತು. “ಅವರು ಎದೆನೋವಲ್ಲೇ ಹೋದ್ರು ಅಂತ ಸುದ್ದಿ ಬಂದಾಗ ನಮ್ಮನೆಯವರು, ನಿನ್ನ ಶಾಪ ತಟ್ಟಿತು ಕಣೇ ಅಂದ್ರು. ನಾನೂ ಹೌದು ಅಂದ್ಕಂಡೇ ಇದ್ದೆ. ಒಂದೊಂದ್ಸಲ ಸಮಾಧಾನನೂ ಆಗ್ತಿತ್ತು. ಈಗ ನೀವು ಬಂದು ಹಿಂಗೆ ಹೇಳ್ತೀರಿ. ಆಡಿದ್ದನ್ನ ನಾನು ವಾಪಸ್ ತಗಳ್ಳೋದು ಹೆಂಗೆ? ಓದಿದವರು ನೀವು, ಹೇಳಿ.”

“ನನಗೆ ಬೈಯಿರಿ ಅಮ್ಮ” ಎಂದೆ.

ಆಕೆ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು.

“ನಿಮಗೆ ಬೈಯಕ್ಕೆ ನನ್ನ ಹತ್ರ ಏನೂ ಉಳಿದಿಲ್ಲ ಮಾರಾಯ್ರೆ. ಇದ್ದಿದ್ದೆಲ್ಲಾ ಅವರಿಗೇ ಅಂದು ಮುಗ್ಸಿದೀನಿ.”